ಪೆನ್ನು ಒಂದೇ, ಇಂಕು ಹಲವು

ಇಂಕ್ ಪೆನ್ನು ಸರಿಯಾಗಿ ಬರೆಯದಿದ್ದರೆ ನಾವು ಬೈಯುವುದು ಪೆನ್ನನ್ನು, ಇಲ್ಲವೇ ನಿಬ್ಬನ್ನು. ತಡೆದು ತಡೆದು ಬರೆಯುತ್ತದೆ, ಗೀರಿಕೊಳ್ಳುತ್ತದೆ, ಕಕ್ಕುತ್ತದೆ, ಹಿಂದಿನ ಪುಟಕ್ಕೆಲ್ಲ ಇಳಿಯುತ್ತದೆ ಎಂದು ದೂರಿ ಹೊಸ ಪೆನ್ನು ಕೊಳ್ಳುತ್ತೇವೆ. ಹಳೆಯದು ಮೇಜಿನ ಖಾನೆ ಸೇರುತ್ತದೆ. ಅದೇ ಪೆನ್ನನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಒಂದು ರಾತ್ರಿ ಒಣಗಿಸಿ, ಬೇರೆ ಬಾಟಲಿಯ ಇಂಕು ತುಂಬಿ ನೋಡುವವರು ಕಡಿಮೆ. ನೋಡಿದವರಿಗೆ ಆಶ್ಚರ್ಯ ಕಾದಿರುತ್ತದೆ. ನಿಬ್ಬು ಅದೇ, ಕೈ ಅದೇ, ಕಾಗದ ಅದೇ. ಗೆರೆ ಮಾತ್ರ ಬೇರೆ. ನಿನ್ನೆ ಬಡಕಲಾಗಿದ್ದ ಅಕ್ಷರ ಇಂದು ಮೈತುಂಬಿಕೊಂಡಿರುತ್ತದೆ, ಇಲ್ಲವೇ ನಿನ್ನೆ ಊದಿಕೊಂಡಿದ್ದದ್ದು ಇಂದು ಅಚ್ಚುಕಟ್ಟಾಗಿರುತ್ತದೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಪೆನ್ನು ಯಾಕೆ ಸುರಿಯುವುದಿಲ್ಲ ಎಂಬಲ್ಲಿಂದಲೇ ಶುರು ಮಾಡಬೇಕು. ಬರೆಯುವಾಗ ಪೆನ್ನು ತಲೆಕೆಳಗಾಗಿರುತ್ತದೆ, ಬಾಯಿ ತೆರೆದೇ ಇರುತ್ತದೆ, ಒಳಗಿರುವುದು ನೀರಿನಷ್ಟೇ ತೆಳುವಾದ ದ್ರವ. ಆದರೂ ಅದು ನೆಲಕ್ಕೆ ಚೆಲ್ಲದೆ, ಕಾಗದ ಸೋಕಿದಾಗ ಮಾತ್ರ, ಬೇಕಾದಷ್ಟೇ ಇಳಿಯುತ್ತದೆ. ಈ ಶಿಸ್ತನ್ನು ಕಾಯುವುದು ನಿಬ್ಬಿನ ಅಡಿಯಲ್ಲಿ ಅಂಟಿಕೊಂಡಿರುವ ಕಪ್ಪು ತುಂಡು. ಅದಕ್ಕೆ ಫೀಡ್ ಎನ್ನುತ್ತಾರೆ. ಅದರ ಬೆನ್ನಿನಲ್ಲಿ ಕೂದಲೆಳೆಯಷ್ಟು ಸಪೂರ ಗೀರುಗಳಿವೆ. ಲೋಮನಾಳ ಕ್ರಿಯೆಯಿಂದ ಇಂಕು ಆ ಗೀರುಗಳಲ್ಲಿ ನಿಬ್ಬಿನ ತುದಿಯವರೆಗೆ ಬಂದು ನಿಲ್ಲುತ್ತದೆ. ಹೊರಗೆ ಹೋದ ಇಂಕಿನಷ್ಟೇ ಗಾಳಿ ಅದೇ ದಾರಿಯಲ್ಲಿ ಒಳಗೆ ಹೋಗಬೇಕು. ಹೋಗದಿದ್ದರೆ ಒಳಗೆ ನಿರ್ವಾತ ಹುಟ್ಟಿ ಬರಹ ನಿಲ್ಲುತ್ತದೆ, ಹೆಚ್ಚು ಹೋದರೆ ಪೆನ್ನು ಕಕ್ಕುತ್ತದೆ. ನ್ಯೂಯಾರ್ಕಿನ ಲೂಯಿಸ್ ಎಡ್ಸನ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಕೊಡುಕೊಳ್ಳುವಿಕೆಯನ್ನು ಹದಕ್ಕೆ ತರುವ ಫೀಡಿಗೇ. ವಿಮೆಯ ಕರಾರುಪತ್ರದ ಮೇಲೆ ಇಂಕು ಚೆಲ್ಲಿ ವ್ಯವಹಾರ ಕೆಟ್ಟಿದ್ದರಿಂದ ಆತ ಹೊಸ ಪೆನ್ನು ಕಂಡುಹಿಡಿದ ಎಂಬ ಕಥೆಯನ್ನು ನೀವೂ ಕೇಳಿರಬಹುದು. ಜಾಹೀರಾತಿಗೆ ಹೇಳಿಮಾಡಿಸಿದಂತಿರುವ ಕಥೆ ಅದು; ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ.

ಫೀಡಿನ ಗೀರುಗಳ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಬದಲಾಗುವುದು ಅದರೊಳಗೆ ಹರಿಯುವ ದ್ರವದ ಗುಣ. ಶುದ್ಧ ನೀರಿಗೆ ತನ್ನನ್ನು ತಾನೇ ಎಳೆದುಕೊಂಡು ಉಂಡೆಯಾಗಿ ಕೂರುವ ಸ್ವಭಾವ ಬಲವಾಗಿದೆ. ಕೆಸುವಿನ ಎಲೆಯ ಮೇಲೆ ಬಿದ್ದ ಹನಿ ಎಲೆಯನ್ನು ಒದ್ದೆ ಮಾಡದೆ ಮುತ್ತಿನಂತೆ ಉರುಳುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಲ್ಮೈ ಎಳೆತ ಎಂದು ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮಟ್ಟಿಗೆ ಅದು ಮೀಟರಿಗೆ ಸುಮಾರು 73 ಮಿಲಿನ್ಯೂಟನ್. ಬರೀ ನೀರಿಗೆ ಬಣ್ಣ ಕಲಸಿ ಪೆನ್ನಿಗೆ ತುಂಬಿದರೆ ಅದು ಫೀಡಿನ ಪ್ಲಾಸ್ಟಿಕ್ಕನ್ನು ಸರಿಯಾಗಿ ಹಿಡಿಯುವುದಿಲ್ಲ, ಎರಡು ಸಾಲು ಬರೆದು ನಿಲ್ಲುತ್ತದೆ. ಅದಕ್ಕೇ ಇಂಕು ತಯಾರಿಸುವವರು ಸಾಬೂನಿನ ಜಾತಿಗೆ ಸೇರಿದ ಒಂದು ರಾಸಾಯನಿಕವನ್ನು ಚಿಟಿಕೆಯಷ್ಟು ಬೆರೆಸಿ ಆ ಎಳೆತವನ್ನು ಇಳಿಸುತ್ತಾರೆ. ಹೆಚ್ಚು ಇಳಿಸಿದರೆ ಇಂಕು ಧಾರಾಳವಾಗಿ ಹರಿಯುತ್ತದೆ, ಪೆನ್ನಿನವರ ಮಾತಿನಲ್ಲಿ ಅದು ‘ವೆಟ್’ ಇಂಕು. ಕಡಿಮೆ ಇಳಿಸಿದರೆ ಕೈ ಬಿಗಿಹಿಡಿದು ಹರಿಯುತ್ತದೆ, ಅದು ‘ಡ್ರೈ’ ಇಂಕು. ಎರಡೂ ದ್ರವವೇ ಆದ್ದರಿಂದ ಒಣ ಇಂಕು ಎಂಬ ಮಾತು ಕೇಳಲು ತಮಾಷೆಯಾಗಿದೆ, ಆದರೆ ಬಳಕೆಯಲ್ಲಿ ಅದು ನಿಂತುಬಿಟ್ಟಿದೆ.

ಬಣ್ಣ, ನೀರು, ಈ ಹರಿವಿನ ಮದ್ದು ಅಲ್ಲದೆ ಬಾಟಲಿಯಲ್ಲಿ ಇನ್ನೆರಡು ವಸ್ತುಗಳಿರುತ್ತವೆ. ನಿಬ್ಬಿನ ತುದಿಯಲ್ಲಿ ಇಂಕು ಬೇಗ ಆರದಂತೆ ಗ್ಲಿಸರಿನ್ ಅಥವಾ ಗ್ಲೈಕಾಲ್. ಬಾಟಲಿಯಲ್ಲಿ ಬೂಷ್ಟು ಹಿಡಿಯದಂತೆ ಒಂದು ವಿಷ. ಹಿಂದೆ ಅದು ಬಹುಮಟ್ಟಿಗೆ ಫಿನಾಲ್ ಆಗಿತ್ತು. ಹಳೆಯ ಇಂಕು ಬಾಟಲಿಯ ಮುಚ್ಚಳ ತೆಗೆದಾಗ ಆಸ್ಪತ್ರೆಯ ವಾಸನೆ ಬರುತ್ತಿದ್ದುದು ಅದರಿಂದ.

ಜಗತ್ತಿನ ಇಂಕುಗಳಲ್ಲಿ ಜರ್ಮನಿಯ ಪೆಲಿಕನ್ 4001 ಮಾಲಿಕೆ ‘ಡ್ರೈ’ ಎಂದು ಹೆಸರಾಗಿದೆ. ಜಪಾನಿನ ಪೈಲಟ್ ಕಂಪನಿ 2007ರಲ್ಲಿ ಹೊರತಂದ ಇರೋಶಿಜುಕು ಮಾಲಿಕೆ, ವಾಟರ್‌ಮನ್ ಕಂಪನಿಯ ನೀಲಿ, ಇವು ಧಾರಾಳಿಗಳು. ಯಾವುದು ಒಳ್ಳೆಯದು ಎಂದು ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮ ಪೆನ್ನು ಎಂಥದು ಎಂದು. ಇಂಕನ್ನು ತಾನೇ ಸುರಿಯುವ ಪೆನ್ನಿಗೆ ಧಾರಾಳಿ ಇಂಕು ಹಾಕಿದರೆ ಪುಟ ಹಾಳು. ಜಿಪುಣ ಪೆನ್ನಿಗೆ ಜಿಪುಣ ಇಂಕು ಹಾಕಿದರೆ ಸಾಲು ಸಾಲಿಗೂ ತಡೆ. ಒಂದು ಹೆಚ್ಚಿದ್ದಲ್ಲಿ ಇನ್ನೊಂದು ಕಡಿಮೆ ಇರುವಂತೆ ಜೋಡಿ ಮಾಡಬೇಕು. ಎರಡೂ ಉಡಾಳರಾಗಿದ್ದರೆ ಸಂಸಾರ ನಡೆಯುವುದಿಲ್ಲ.

ನಮ್ಮ ದೇಶದ ಪೆನ್ನುಗಳಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. ಡ್ರಾಪರಿನಿಂದ ನೇರವಾಗಿ ಪೆನ್ನಿನ ಹೊಟ್ಟೆಗೇ ಇಂಕು ತುಂಬುವ ಪೆನ್ನುಗಳು ನಮ್ಮಲ್ಲಿ ಇನ್ನೂ ತಯಾರಾಗುತ್ತಿವೆ. ಆಂಧ್ರದ ರಾಜಮಂಡ್ರಿಯ ರತ್ನಂ ಪೆನ್ನುಗಳು ಇದಕ್ಕೆ ಹೆಸರುವಾಸಿ. ಸಣ್ಣ ಕಾರ್ಟ್ರಿಜ್ ಹಿಡಿಸುವುದು ಒಂದು ಮಿಲಿಲೀಟರಿಗೂ ಕಡಿಮೆ. ಇವುಗಳ ಹೊಟ್ಟೆ ಅದರ ಮೂರು ನಾಲ್ಕು ಪಟ್ಟು ಹಿಡಿಸುತ್ತದೆ. ಆದರೆ ಇಂಕು ಅರ್ಧಕ್ಕಿಂತ ಕೆಳಗಿಳಿದಾಗ ಒಳಗಿನ ಗಾಳಿ ಜಾಸ್ತಿಯಾಗುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಪುಟದ ನಡುವೆ ಇದ್ದಕ್ಕಿದ್ದಂತೆ ದೊಡ್ಡ ಬೊಟ್ಟು ಬೀಳುವುದು ಹೀಗೆ. ಶಾಲೆಯಲ್ಲಿ ಆ ಬೊಟ್ಟಿನ ಮೇಲೆ ಸೀಮೆಸುಣ್ಣ ಉರುಳಿಸಿ ಹೀರಿಸುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಇಂಥ ಪೆನ್ನಿಗೆ ಸ್ವಲ್ಪ ಬಿಗಿಯಾದ ಇಂಕೇ ವಾಸಿ, ಮತ್ತು ಕಾಲುಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಿಕೊಳ್ಳುವುದು ಒಳ್ಳೆಯದು.

ಹವೆಯೂ ಇದರಲ್ಲಿ ಪಾಲುದಾರ. 20 ಡಿಗ್ರಿಯಿಂದ 40 ಡಿಗ್ರಿಗೆ ಹೋದರೆ ನೀರಿನ ಸ್ನಿಗ್ಧತೆ ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. ಇಂಕಿನ ಹೆಚ್ಚಿನ ಪಾಲು ನೀರೇ ಆದ್ದರಿಂದ ಅದೂ ಹಾಗೆಯೇ ತೆಳುವಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಪೆನ್ನು ಹೆಚ್ಚು ಹರಿಯುತ್ತದೆ. ಅದೇ ಹೊತ್ತಿಗೆ ಮುಚ್ಚಳ ತೆಗೆದಿಟ್ಟು ಯಾರೊಡನೆಯಾದರೂ ಮಾತಿಗೆ ನಿಂತರೆ ಆ ಒಣ ಗಾಳಿಗೆ ನಿಬ್ಬಿನ ತುದಿ ಆರಿ ಮೊದಲ ಅಕ್ಷರ ಮೂಡುವುದಿಲ್ಲ. ಮಂಗಳೂರು, ಉಡುಪಿಯ ಜುಲೈನಲ್ಲಿ ಕಥೆ ತಿರುಗಾಮುರುಗಾ. ನಿಬ್ಬು ಆರುವ ಮಾತೇ ಇಲ್ಲ, ಆದರೆ ಕಾಗದ ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ, ಬರೆದ ಸಾಲು ಆರಲು ತಡ ಮಾಡುತ್ತದೆ, ಅಂಗೈ ನೀಲಿಯಾಗುತ್ತದೆ. ಇಂಕುಗಳನ್ನು ಒರೆಗೆ ಹಚ್ಚಿ ‘ಇಷ್ಟು ಸೆಕೆಂಡಿನಲ್ಲಿ ಆರುತ್ತದೆ’ ಎಂದು ಯೂರೋಪು, ಅಮೆರಿಕದವರು ಹೇಳುವುದನ್ನು ನಾನು ಅರ್ಧ ಕಿವಿಯಲ್ಲಷ್ಟೇ ಕೇಳುತ್ತೇನೆ. ಅವರ ಕೋಣೆಯ ಹವೆ ನಮ್ಮ ಆಷಾಢದ್ದಲ್ಲ.

ಅವರ ಪರೀಕ್ಷೆಗಳನ್ನು ಪೂರ್ತಿ ನಂಬದಿರಲು ಇನ್ನೊಂದು ಕಾರಣ, ಲಿಪಿ. ಇಂಗ್ಲಿಷನ್ನು ಕೂಡುಬರಹದಲ್ಲಿ ಬರೆಯುವವರು ಒಂದು ಪದ ಮುಗಿಯುವವರೆಗೆ ನಿಬ್ಬನ್ನು ಹೆಚ್ಚುಕಡಿಮೆ ಎತ್ತುವುದೇ ಇಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಎತ್ತುತ್ತೇವೆ; ತಲೆಕಟ್ಟಿಗೆ, ಗುಡಿಸಿಗೆ, ಒತ್ತಕ್ಷರಕ್ಕೆ ಮತ್ತೆ ಮತ್ತೆ ಎತ್ತುತ್ತೇವೆ. ಎತ್ತಿ ಇಟ್ಟಾಗಲೆಲ್ಲ ಇಂಕು ಹೊಸದಾಗಿ ಕಾಗದವನ್ನು ಹಿಡಿಯಬೇಕು. ಹೀಗಾಗಿ ಪ್ರತಿ ಸಲ ಶುರುವಿನಲ್ಲಿ ಮುಷ್ಕರ ಹೂಡುವ ಇಂಕು ಇಂಗ್ಲಿಷ್ ಬರೆಯುವವನಿಗೆ ಸಣ್ಣ ಕಿರಿಕಿರಿಯಾದರೆ ಕನ್ನಡ ಬರೆಯುವವನಿಗೆ ದೊಡ್ಡ ಪೀಡೆ. ಹಾಗೆಂದು ತೀರಾ ಧಾರಾಳಿಯನ್ನು ಹಾಕಿಕೊಂಡರೆ ಬೇರೆ ತೊಂದರೆ. ನಮ್ಮ ಅಕ್ಷರಗಳೆಲ್ಲ ದುಂಡು, ಒಳಗೆ ಪುಟ್ಟ ಪುಟ್ಟ ಖಾಲಿ ಜಾಗಗಳು. ಥಕಾರದ ಒಳಗಿನ ಚುಕ್ಕೆ, ಧ, ಢ, ಭ, ಫಗಳ ಬುಡದ ಸೀಳು, ಹೊಟ್ಟೆ ಸೀಳಿದ ಷಕಾರದ ಸೀಳು, ಇವೆಲ್ಲ ಇಂಕು ಚೂರು ಹರಡಿದರೂ ಮುಚ್ಚಿಹೋಗುತ್ತವೆ. ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗುತ್ತವೆ, ಕಾಗುಣಿತ ಬಲ್ಲ ಹುಡುಗನಿಗೂ ತಪ್ಪು ಬರೆದವನೆಂಬ ಹೆಸರು ಬರುತ್ತದೆ. ಕೆಳಗಿನ ಸಾಲಿನ ಗುಡಿಸಿಗೆ ಮೇಲಿನ ಸಾಲಿನ ಒತ್ತಕ್ಷರ ತಾಗಿದರಂತೂ ಅಲ್ಲೊಂದು ಕೆರೆ.

ಆದ್ದರಿಂದ ಕನ್ನಡದ ದಿನನಿತ್ಯದ ಬರವಣಿಗೆಗೆ ನನ್ನ ಆಯ್ಕೆ ಸಪೂರ ನಿಬ್ಬು, ಮುಟ್ಟಿದೊಡನೆ ಮೂಡುವ ಆದರೆ ಹರಡದ, ಮಧ್ಯಮ ಹರಿವಿನ ಸಾದಾ ಇಂಕು. ಕೇಳಲು ಸಪ್ಪೆ ಎನಿಸಬಹುದು. ಸಪ್ಪೆಯಾಗಿರುವುದೇ ದಿನಬಳಕೆಯ ವಸ್ತುವಿನ ಗುಣ.

ಇನ್ನು ಕಾಗದ. ಇಂಕಿನ ಮೇಲೆ ಹಾಕುವ ಅರ್ಧದಷ್ಟು ತಪ್ಪು ನಿಜಕ್ಕೂ ಕಾಗದದ್ದು. ಕಾಗದವೆಂದರೆ ಮರದ, ಬಿದಿರಿನ ಅಥವಾ ಕಬ್ಬಿನ ಸಿಪ್ಪೆಯ ನಾರುಗಳನ್ನು ಒತ್ತಿ ಮಾಡಿದ ಹಾಳೆ. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಕಟ್ಟಿದ್ದು ಸುತ್ತಲ ಕಾಡಿನ ಬಿದಿರನ್ನು ನಂಬಿ. ಆ ನಾರುಗಳ ನಡುವಿನ ಸಂದುಗಳೂ ಲೋಮನಾಳಗಳೇ; ಬಿಟ್ಟರೆ ಫೀಡಿಗಿಂತ ಜೋರಾಗಿ ಇಂಕನ್ನು ಎಳೆದುಕೊಳ್ಳುತ್ತವೆ. ಹಾಗೆ ಎಳೆಯದಂತೆ ಕಾರ್ಖಾನೆಯಲ್ಲಿ ನೀರು ಹಿಡಿಯದ ಒಂದು ಲೇಪ ಕೊಡುತ್ತಾರೆ, ಅದಕ್ಕೆ ಸೈಜಿಂಗ್ ಎಂದು ಹೆಸರು. ಹಿಂದೆ ರಾಳ ಮತ್ತು ಪಟಿಕ ಬಳಸುತ್ತಿದ್ದರು, ಈಗ ಬೇರೆ ರಾಸಾಯನಿಕಗಳಿವೆ. ಸೈಜಿಂಗ್ ಚೆನ್ನಾಗಿದ್ದರೆ ಇಂಕು ಮೇಲೆಯೇ ನಿಂತು ನಿಧಾನವಾಗಿ ಆರುತ್ತದೆ, ಗೆರೆಯ ಅಂಚು ಚೂಪಾಗಿರುತ್ತದೆ. ಕಡಿಮೆಯಿದ್ದರೆ ಇಂಕು ನಾರಿನುದ್ದಕ್ಕೂ ಓಡಿ ಗೆರೆಗೆ ಬೇರು ಬಿಡುತ್ತದೆ, ಕೆಳಕ್ಕೂ ಇಳಿದು ಹಿಂದಿನ ಪುಟದಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಿಸುತ್ತದೆ. ಬಾಲ್ ಪೆನ್ನಿನ ಇಂಕು ಎಣ್ಣೆಯಂತೆ ಮಂದವಾದ್ದರಿಂದ ಅದಕ್ಕೆ ಇದ್ಯಾವುದೂ ತಟ್ಟುವುದಿಲ್ಲ. ಎಲ್ಲರೂ ಬಾಲ್ ಪೆನ್ನು ಹಿಡಿದ ಮೇಲೆ ಅಗ್ಗದ ನೋಟ್‌ಬುಕ್ ಮಾಡುವವರಿಗೆ ಸೈಜಿಂಗಿಗೆ ಖರ್ಚು ಮಾಡಬೇಕಾದ ಅಗತ್ಯ ಉಳಿಯಲಿಲ್ಲ. ಅಜ್ಜನ ಕಾಲದ ಲೆಡ್ಜರಿನಲ್ಲಿ ಇಂಕು ಎಷ್ಟು ಚಂದ ಕೂತಿದೆ ನೋಡಿ ಎಂದು ಬೆರಗಾಗುವವರು ಮೆಚ್ಚಬೇಕಾದ್ದು ಅಂದಿನ ಇಂಕನ್ನಲ್ಲ, ಕಾಗದವನ್ನು.

ತೆಳ್ಳಗಿದ್ದ ಮಾತ್ರಕ್ಕೆ ಕಾಗದ ಕೆಟ್ಟದ್ದೇನಲ್ಲ. ಜಪಾನಿನ ಟೊಮೊಎ ರಿವರ್ ಕಾಗದ ಚದರ ಮೀಟರಿಗೆ 52 ಗ್ರಾಮಷ್ಟೇ ತೂಗುತ್ತದೆ, ಆದರೂ ಇಂಕು ಹಿಂದಕ್ಕೆ ಇಳಿಯುವುದಿಲ್ಲ. ಅದರ ಮೇಲೆ ಬರೆದದ್ದು ಆರುವಷ್ಟರಲ್ಲಿ ಕಾಫಿ ಕುಡಿದು ಬರಬಹುದು, ಅದು ಬೇರೆ ಮಾತು.

ಹರಿವು ಮತ್ತು ಆರುವಿಕೆಯ ಈ ಜಗಳವನ್ನು ಒಮ್ಮೆಗೇ ಮುಗಿಸಿಬಿಡುತ್ತೇವೆಂದು ಹೊರಟವರು ಪಾರ್ಕರ್ ಕಂಪನಿಯವರು. ಬೇಗ ಆರುತ್ತದೆ ಎಂಬುದನ್ನೇ ಹೆಸರಿನಲ್ಲಿ ಹೊತ್ತ ಕ್ವಿಂಕ್ ಇಂಕನ್ನು ಅವರು 1931ರಲ್ಲಿ ಮಾರುಕಟ್ಟೆಗೆ ತಂದರು. ಅದು ಗೆದ್ದಿತು, ಇಂದಿಗೂ ಸಿಗುತ್ತದೆ. ಅಷ್ಟಕ್ಕೆ ನಿಲ್ಲದೆ, ಬರೆಯುತ್ತಿದ್ದಂತೆಯೇ ಆರಿಹೋಗುವ ಇನ್ನೊಂದು ಇಂಕು ಮಾಡಿದರು. ಕಾಗದವನ್ನು ತಕ್ಷಣ ಭೇದಿಸಿ ಒಳಗಿಳಿಯಲೆಂದು ಅದನ್ನು ತೀವ್ರ ಕ್ಷಾರೀಯವಾಗಿಸಿದರು. ಇಷ್ಟು ಬೇಗ ಆರುವ ಇಂಕು ನಿಬ್ಬಿನ ತುದಿಯಲ್ಲೂ ಆರುತ್ತದಲ್ಲ? ಅದಕ್ಕಾಗಿ ನಿಬ್ಬನ್ನು ಹೆಚ್ಚುಕಡಿಮೆ ಪೂರ್ತಿ ಮುಸುಕಿನೊಳಗೆ ಅಡಗಿಸಿದ ಪೆನ್ನು ಮಾಡಿದರು. ಅದೇ ಪಾರ್ಕರ್ 51. ಮುಂದೆ ಲೋಕಪ್ರಸಿದ್ಧವಾದ ಆ ಆಕಾರ ಹುಟ್ಟಿದ್ದು ಒಂದು ಇಂಕಿನ ಹಟಮಾರಿತನದಿಂದ. ಈ ಇಂಕನ್ನು ಬೇರೆ ಪೆನ್ನಿಗೆ ಹಾಕಬೇಡಿ ಎಂದು ಬಾಟಲಿಯ ಮೇಲೆಯೇ ಎಚ್ಚರಿಕೆ ಇತ್ತು. ಕೊನೆಗೆ ಅದು ತನ್ನ ಪೆನ್ನಿನ ಒಳಭಾಗಗಳನ್ನೂ ಬಿಡಲಿಲ್ಲ. 1947ರಲ್ಲಿ ಅದರ ತಮ್ಮನಾಗಿ ಬಂದ ಸೂಪರ್‌ಕ್ರೋಮ್ ಕೂಡ ಅಂಥದ್ದೇ. ಹಳೆಯ ಪೆನ್ನು ಕೂಡಿಡುವವರು ಇಂದಿಗೂ ಆ ಬಾಟಲಿಗಳನ್ನು ಕಂಡರೆ ದೂರ ಸರಿಯುತ್ತಾರೆ. ಪಾರ್ಕರ್ 51 ಉಳಿಯಿತು, ಅದು ಯಾವುದಕ್ಕಾಗಿ ಹುಟ್ಟಿತೋ ಆ ಇಂಕು ಹೋಯಿತು. ಚೀನಾದ ಹೀರೋ ಪೆನ್ನುಗಳ ಮೂಲಕ ನಮ್ಮ ಹೈಸ್ಕೂಲುಗಳ ಜೇಬಿಗೂ ಬಂದದ್ದು ಅದೇ ಮುಸುಕಿನ ನಿಬ್ಬು.

ಇಂದಿನ ಬೇಗ ಆರುವ ಇಂಕುಗಳು ಅಷ್ಟು ಕ್ರೂರಿಗಳಲ್ಲ. ಅಮೆರಿಕದ ನೂಡ್ಲರ್ಸ್ ಕಂಪನಿ ತನ್ನ ಅಂಥ ಇಂಕಿಗೆ ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಬೆನ್ ಬರ್ನಾಂಕೆಯ ಹೆಸರಿಟ್ಟಿದೆ. ನೋಟು ಅಚ್ಚು ಹಾಕುವ ಅವಸರಕ್ಕೆ ಬೇಗ ಆರುವ ಇಂಕೇ ಬೇಕಲ್ಲ ಎಂಬ ಕುಹಕ. ಎಡಗೈಯಲ್ಲಿ ಬರೆಯುವವರಿಗೆ ಇಂಥವು ವರ. ಆದರೆ ಬೇಗ ಆರುವುದೆಂದರೆ ಬೇಗ ಒಳಗಿಳಿಯುವುದು ಎಂದೇ ಅರ್ಥ. ಅಗ್ಗದ ಕಾಗದದಲ್ಲಿ ಅವು ಹರಡದೆ ಬಿಡುವುದಿಲ್ಲ.

ಬರೆದದ್ದು ಅಳಿಯದೆ ಉಳಿಯುವ ಪ್ರಶ್ನೆ ಬೇರೆ. ಶಾಲೆಯ ಮಕ್ಕಳ ನೀಲಿ, ಅಂದರೆ ರಾಯಲ್ ಬ್ಲೂ, ತೊಳೆದರೆ ಹೋಗಲೆಂದೇ ಮಾಡಿದ ಇಂಕು. ಜರ್ಮನಿಯ ಮಕ್ಕಳು ತಪ್ಪಾದಲ್ಲಿ ಒಂದು ಅಳಿಸುವ ಪೆನ್ನು ಸವರುತ್ತಾರೆ. ಅದರಲ್ಲಿರುವ ರಾಸಾಯನಿಕ ಬಣ್ಣದ ಅಣುವಿನ ರಚನೆ ಬದಲಿಸಿ ಅದನ್ನು ಬಣ್ಣಗೆಡಿಸುತ್ತದೆ. ಇಂಕು ಅಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಇದೇ ಇಂಕಿನಲ್ಲಿ ಬರೆದ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಅಂಟಿಸಿಟ್ಟರೆ ವಾರಗಳಲ್ಲೇ ಮಂಕಾಗುತ್ತದೆ. ಕೆಂಪು ಇಂಕೂ ಬಿಸಿಲಿಗೆ ನಿಲ್ಲುವುದಿಲ್ಲ. ಮನೆಯ ಪತ್ರ, ಬ್ಯಾಂಕಿನ ಚೆಕ್ಕು, ಉಯಿಲು ಇವಕ್ಕೆ ರಾಯಲ್ ಬ್ಲೂ ಬಳಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಚೆಕ್ಕುಗಳನ್ನು ಈಗ ಚಿತ್ರವಾಗಿ ತೆಗೆದು ಕಳಿಸುವ ಪದ್ಧತಿ ಇರುವುದರಿಂದ, ಸ್ಪಷ್ಟವಾಗಿ ಮೂಡುವ ಗಾಢ ಬಣ್ಣದ ಇಂಕು ಬಳಸಿ ಎಂದು ರಿಸರ್ವ್ ಬ್ಯಾಂಕು ಹೇಳಿದೆ. ನೀರು ತಗುಲಿದರೂ ಹೋಗದ ಇಂಕನ್ನು ಅದಕ್ಕೆ ಬಳಸುವುದು ನಮ್ಮ ಜಾಗ್ರತೆಗೆ ಬಿಟ್ಟದ್ದು.

ಉಳಿಯುವ ಇಂಕುಗಳಲ್ಲಿ ಹಿರಿಯವು ಎರಡು. ಒಂದು ಕಾಡಿಗೆ. ನಮ್ಮ ತಾಳೆಗರಿಗಳಲ್ಲಿ ಕಂಟವೆಂಬ ಮೊನಚು ಕಡ್ಡಿಯಿಂದ ಕೊರೆದ ಅಕ್ಷರಗಳೊಳಗೆ ಕಾಡಿಗೆ ತಿಕ್ಕಿದಾಗ ಅವು ಓದುವಂತಾಗುತ್ತಿದ್ದವು; ಇಂಗಾಲಕ್ಕೆ ಬಿಸಿಲಿನ ಭಯವೂ ಇಲ್ಲ, ನೀರಿನ ಭಯವೂ ಇಲ್ಲ. ಇಂದು ಇಂಗಾಲವನ್ನು ಅತಿ ಸಣ್ಣ ಕಣಗಳಾಗಿ ಅರೆದು ಜಪಾನಿನ ಪ್ಲಾಟಿನಮ್, ಸೈಲರ್ ಕಂಪನಿಗಳು ಪೆನ್ನಿಗೆ ಹಾಕಬಹುದಾದ ಕಪ್ಪು ಮಾಡುತ್ತವೆ. ಚಿತ್ರಕಾರರು ಬಳಸುವ ಇಂಡಿಯನ್ ಇಂಕು ಇದಲ್ಲ, ಎಚ್ಚರ. ಅದರಲ್ಲಿ ಅರಗು ಇರುತ್ತದೆ. ಪೆನ್ನಿಗೆ ಹಾಕಿದರೆ ಫೀಡು ಶಾಶ್ವತವಾಗಿ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಕಬ್ಬಿಣದ ಇಂಕು. ಅನ್ನಭೇದಿಯನ್ನು ಒಗರಿನ ಕಾಯಿಯ ರಸಕ್ಕೆ ಬೆರೆಸಿದರೆ ಕಪ್ಪಾಗುತ್ತದೆ. ಯೂರೋಪಿನವರು ಓಕ್ ಮರದ ಗಂಟುಕಾಯಿ ಬಳಸಿದರು, ನಮ್ಮವರಿಗೆ ಅಳಲೆಕಾಯಿ ಇತ್ತು. ಈ ಇಂಕು ಬರೆಯುವಾಗ ಪೇಲವ, ಗಾಳಿ ತಾಗಿದ ಮೇಲೆ ಕಾಗದದೊಳಗೇ ಕಪ್ಪುಗಟ್ಟುತ್ತದೆ. ಬರೆಯುವಾಗ ಕಣ್ಣಿಗೆ ಕಾಣಲೆಂದು ನೀಲಿ ಬಣ್ಣ ಬೆರೆಸಿದರು. ನೀಲಿಯಾಗಿ ಹುಟ್ಟಿ ಕಪ್ಪಾಗಿ ಬೆಳೆಯುವ ಆ ಇಂಕೇ ಮೂಲದ ‘ಬ್ಲೂ ಬ್ಲಾಕ್’. ಈಗಿನ ಬಹುಪಾಲು ಬ್ಲೂ ಬ್ಲಾಕ್‌ಗಳಲ್ಲಿ ಕಬ್ಬಿಣವಿಲ್ಲ, ಬರೀ ಬಣ್ಣವಿದೆ. ಪ್ಲಾಟಿನಮ್, ಪೆಲಿಕನ್‌ನವರ ಬ್ಲೂ ಬ್ಲಾಕ್‌ಗಳಲ್ಲಿ ಇನ್ನೂ ಇದೆ.

ಕಬ್ಬಿಣದ ಇಂಕು ಹುಳಿ. ಅಗ್ಗದ ಕಾಗದದಲ್ಲೂ ಹರಡದೆ ಗೆರೆಯನ್ನು ಚೂಪಾಗಿ ಇಡುವುದು ಅದರ ದೊಡ್ಡ ಗುಣ; ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಇಂಕು ನನಗೆ ಕಂಡಿಲ್ಲ. ಹಳೆಯ ಕಾಲದ ಗಡಸು ಪಾಕಗಳು ಮಾತ್ರ ಕಾಗದವನ್ನೇ ತಿಂದವು. ಸಂಗೀತಗಾರ ಬಾಖ್ ಬರೆದಿಟ್ಟ ಸ್ವರಪ್ರತಿಗಳಲ್ಲಿ ದಟ್ಟವಾಗಿ ಬರೆದ ಕಡೆ ಕಾಗದ ಸುಟ್ಟಂತಾಗಿ ಉದುರತೊಡಗಿ, ಬರ್ಲಿನ್ನಿನ ಗ್ರಂಥಾಲಯದವರು ಅವನ್ನು ಉಳಿಸಿಕೊಳ್ಳಲು ಹೆಣಗಬೇಕಾಯಿತು. ಈಗ ಪೆನ್ನಿಗೆಂದು ಮಾಡುವ ಕಬ್ಬಿಣದ ಇಂಕುಗಳು ಮೆದು. ಆದರೂ ಪೆನ್ನಿನಲ್ಲಿ ತಿಂಗಳುಗಟ್ಟಲೆ ಒಣಗಲು ಬಿಡಬಾರದು, ಸ್ಟೀಲ್ ನಿಬ್ಬಿದ್ದರಂತೂ ಪದೇ ಪದೇ ತೊಳೆಯುತ್ತಿರಬೇಕು. ಉಳಿಯುವ ಇಂಕು ಎಂದಕೂಡಲೇ ಕೆಲವರು ಮೈಸೂರಿನ ಮತದಾನದ ಶಾಯಿಯನ್ನು ನೆನೆಯುತ್ತಾರೆ. 1962ರಿಂದ ಚುನಾವಣೆಗಳಿಗೆ ಹೋಗುತ್ತಿರುವ ಅದು ಸಿಲ್ವರ್ ನೈಟ್ರೇಟಿನ ದ್ರಾವಣ; ಚರ್ಮಕ್ಕೆ ಸರಿ, ಪೆನ್ನಿಗಲ್ಲ.

ಈಚೆಗೆ ಬಂದಿರುವ ಮಿನುಗುವ ಇಂಕುಗಳ ಬಗ್ಗೆ ಹೆಚ್ಚು ಹೇಳಲಾರೆ. ಚಿನ್ನದ, ಬೆಳ್ಳಿಯ ಬಣ್ಣದ ಪುಡಿ ಹಾಕಿದವು, ಬೆಳಕು ಬಿದ್ದ ಕೋನಕ್ಕೆ ನೀಲಿಯ ಮೇಲೆ ಕೆಂಪು ಹೊಳೆಯುವಷ್ಟು ದಟ್ಟ ಬಣ್ಣದವು. ಹಬ್ಬದ ಶುಭಾಶಯ ಪತ್ರಕ್ಕೆ ಚಂದ. ದಟ್ಟ ಬಣ್ಣವೆಂದರೆ ನೀರಿನಲ್ಲಿ ಹೆಚ್ಚು ಘನವಸ್ತು. ಹರಿವು ಕುಂದುತ್ತದೆ, ನಿಬ್ಬಿನ ಮೇಲೆ ಹಿಟ್ಟು ಕಟ್ಟುತ್ತದೆ, ಬರೆದದ್ದು ಮೂರು ದಿನದ ಮೇಲೂ ಬೆರಳಿಗೆ ಅಂಟುತ್ತದೆ. ಲೆಕ್ಕದ ಪುಸ್ತಕಕ್ಕೆ ಅವು ಬೇಡ.

ದಿನಬಳಕೆಯ ಬರವಣಿಗೆಗೆ ನಮ್ಮ ದೇಶದ ಸಾದಾ ಇಂಕುಗಳು ಸಾಕು. ಮುಂಬೈಯ ದಾಂಡೇಕರ್ ಸಹೋದರರು 1931ರಲ್ಲಿ ಕುದುರೆ ಛಾಪಿನ ಇಂಕಿನ ಪುಡಿ, ಗುಳಿಗೆಗಳಿಂದ ಶುರು ಮಾಡಿದ ವ್ಯಾಪಾರವೇ ಮುಂದೆ ಕ್ಯಾಮ್ಲಿನ್ ಆಯಿತು, ಅವರ ಒಂಟೆಯ ಇಂಕು ಹಳ್ಳಿಯ ಅಂಗಡಿಗೂ ಬಂತು. ಬಂಗಾಳದಲ್ಲಿ 1934ರಲ್ಲಿ ಮೈತ್ರ ಸಹೋದರರು ಸುಲೇಖಾ ಕಟ್ಟಿದ್ದು ಸ್ವದೇಶಿ ಚಳವಳಿಯ ಕಾವಿನಲ್ಲಿ. ವಿದೇಶಿ ಇಂಕಿನಲ್ಲಿ ಬರೆಯುವುದು ಗಾಂಧೀಜಿಗೆ ಮುಜುಗರ ತಂದಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಮುಚ್ಚಿದ್ದ ಆ ಕಂಪನಿ ಮತ್ತೆ ತೆರೆದು, 2020ರಿಂದ ಇಂಕಿನ ಬಾಟಲಿಗಳನ್ನೂ ತರುತ್ತಿದೆ. ಬ್ರಿಲ್ ಇದೆ, ಕೇರಳದ ಕೃಷ್ಣ ಇಂಕುಗಳಿವೆ. ಆಮದಿನ ಬಾಟಲಿಯ ಬೆಲೆಯಲ್ಲಿ ಇವುಗಳ ಒಂದು ಸಾಲೇ ಬರುತ್ತದೆ.

ಯಾವುದನ್ನು ಕೊಂಡರೂ ಒರೆ ಹಚ್ಚುವುದು ನಿಮ್ಮ ಕಾಗದದ ಮೇಲೆ ಆಗಬೇಕು. ದಿನವೂ ಬರೆಯುವ ನೋಟ್‌ಬುಕ್ಕಿನಲ್ಲೇ, ದಿನವೂ ಬರೆಯುವ ವೇಗದಲ್ಲಿ ಅರ್ಧ ಪುಟ ಬರೆಯಿರಿ. ನಿಧಾನವಾಗಿ ಬರೆದರೆ ಎಲ್ಲ ಇಂಕೂ ಒಳ್ಳೆಯದೇ. ಮುಚ್ಚಳ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಬರೆದರೆ ಶುರುವಿನ ಗುಣ ತಿಳಿಯುತ್ತದೆ. ಒಂದು ಸಾಲಿನ ಮೇಲೆ ನೀರಿನ ಹನಿ ಬಿಡಿ. ಹಾಳೆಯನ್ನು ಅರ್ಧ ಮುಚ್ಚಿ ಬಿಸಿಲಿನ ಕಿಟಕಿಗೆ ಅಂಟಿಸಿ ಮರೆತುಬಿಡಿ.

ಇಂಕು ದಟ್ಟವಾಗಿದ್ದು ಹರಿಯದಿದ್ದರೆ ಕೆಲವು ಹನಿ ಡಿಸ್ಟಿಲ್ಡ್ ವಾಟರ್ ಸೇರಿಸಬಹುದು. ಕೊಳವೆಬಾವಿಯ ಗಡಸು ನೀರು ಬೇಡ. ಅದರ ಲವಣಗಳು ಫೀಡಿನಲ್ಲಿ ಕೂರುತ್ತವೆ. ಪಾತ್ರೆ ತೊಳೆಯುವ ಸೋಪಿನ ಹನಿ ಹಾಕಿ ಹರಿವು ಹೆಚ್ಚಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಹರಿವೇನೋ ಹೆಚ್ಚುತ್ತದೆ, ಎಷ್ಟು ಹೆಚ್ಚುತ್ತದೆ ಎಂಬುದು ಕೈಯಲ್ಲಿರುವುದಿಲ್ಲ. ಎರಡು ಕಂಪನಿಯ ಇಂಕು ಬೆರೆಸುವುದಂತೂ ಬೇಡವೇ ಬೇಡ. ಒಂದು ಆಮ್ಲೀಯ, ಇನ್ನೊಂದು ಕ್ಷಾರೀಯವಾಗಿದ್ದರೆ ಬಣ್ಣ ಒಡೆದು ಗಸಿಯಾಗುತ್ತದೆ. ಬೆರೆಸಲೇಬೇಕೆಂಬ ಚಪಲವಿದ್ದರೆ ಮೊದಲು ಗಾಜಿನ ಶೀಶೆಯಲ್ಲಿ ಬೆರೆಸಿ ಒಂದು ವಾರ ಇಟ್ಟು ನೋಡಿ.

ಅಟ್ಟದಲ್ಲಿ ಅಪ್ಪನ ಕಾಲದ ಚೆಲ್‌ಪಾರ್ಕ್ ಇಂಕಿನ ಬಾಟಲಿ ಸಿಕ್ಕಿದೆ, ಬಳಸಬಹುದೇ ಎಂದು ಕೇಳುವವರಿದ್ದಾರೆ. ಅಲುಗಾಡಿಸದೆ ಬೆಳಕಿಗೆ ಹಿಡಿದು ನೋಡಿ. ಮೇಲೆ ಪೊರೆ ಕಟ್ಟಿದ್ದರೆ, ಕಡ್ಡಿ ಅದ್ದಿದಾಗ ನೂಲಿನಂತೆ ಎಳೆ ಬಂದರೆ, ಮುಗ್ಗಲು ವಾಸನೆ ಇದ್ದರೆ ಬೂಷ್ಟು ಹಿಡಿದಿದೆ. ಪೆನ್ನಿಗೆ ಹಾಕಿದರೆ ಪೆನ್ನಿಗೂ, ಆ ಪೆನ್ನು ಅದ್ದಿದ ಮುಂದಿನ ಬಾಟಲಿಗೂ ಅಂಟುತ್ತದೆ. ತಳದಲ್ಲಿ ಬರೀ ಗಸಿ ಕೂತಿದ್ದರೂ ನಾನು ಬಳಸುವುದಿಲ್ಲ. ತಿಳಿಯಾಗಿದ್ದು, ಫಿನಾಲಿನ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿದ್ದರೆ ಒಂದು ಅಗ್ಗದ ಪೆನ್ನಿಗೆ ತುಂಬಿ ನೋಡಲು ಅಡ್ಡಿಯಿಲ್ಲ. ನೀರು ಆವಿಯಾಗಿ ಇಂಕು ದಪ್ಪವಾಗಿರಬಹುದು. ಹತ್ತಕ್ಕೆ ಒಂದು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಸಾಮಾನ್ಯವಾಗಿ ಹದಕ್ಕೆ ಬರುತ್ತದೆ.